ಕುರ್ಚಿಯ ಹಿಂದೆ ನಿಲ್ಲುವ ಕೆಲಸ

ನನ್ನ ತಂಗಿಯ ಮಗಳು ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿಗೆ ಸೇರಿದ್ದಾಳೆ. ಮೊನ್ನೆ ಬಂದವಳು ಎದುರಿಗೆ ಕಾಲು ಮಡಚಿ ಕೂತು ಕೇಳಿದಳು: "ಮಾಮಾ, ಏರ್‌ಫೋರ್ಸ್‌ನಲ್ಲಿ ನೀವು ಎಕ್ಸಾಕ್ಟ್ಲಿ ಕ್ಯಾ ಕೆಲಸ ಕರ್ತೇ ಥೇ?" ಅವಳ ಕನ್ನಡ ಮುಂಬಯಿ ಲೋಕಲ್‌ನ ಹಾಗೆ, ಪ್ರತಿ ಸ್ಟೇಶನ್ನಿನಲ್ಲೂ ಹೊಸಬರು ಹತ್ತುತ್ತಾರೆ.

"ನಿಲ್ಲುತ್ತಿದ್ದೆ" ಎಂದೆ.

"ನಿಲ್ಲೋದು? ಬಸ್, ಅಷ್ಟೇ?"

"ಅಷ್ಟೇ. ಅದೂ ಸರಿಯಾಗಿ ಬರುತ್ತಿರಲಿಲ್ಲ."

ಅವಳು ನಕ್ಕಳು. ನಾನು ಹೇಳಿದ್ದು ತಮಾಷೆ ಅಲ್ಲ. ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ಇವತ್ತಿಗೂ ಕೆಲವರು ನಾನು ವಿಮಾನ ಹಾರಿಸುತ್ತಿದ್ದೆ ಎಂದು ತಿಳಿದಿದ್ದಾರೆ. ಹಾರಿಸುತ್ತಿದ್ದೆ ಎಂದು ನಾನು ಯಾರಿಗೂ ಹೇಳಿಲ್ಲ. ಇಲ್ಲ ಎಂದೂ ಹೇಳಿಲ್ಲ. ನಿಜ ಏನೆಂದರೆ ನಾನು ವಾಯುಪಡೆಯ ಒಂದು ಕ್ಯಾಂಪಿನಲ್ಲಿ ಆಫೀಸರುಗಳ ಮೆಸ್ಸಿನಲ್ಲಿ ಬೇರರ್ ಆಗಿದ್ದೆ. ವಿಮಾನ ಹಾರಿಸುವವರು ಉಣ್ಣುವಾಗ ಅವರ ಬೆನ್ನ ಹಿಂದೆ ನಿಲ್ಲುವವನು. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಕಾಲೇಜಿನಲ್ಲಿ ಹೇಳಿಕೊಡದ ಸಂಗತಿ ಏನಾದರೂ ಇದರಲ್ಲಿ ಸಿಕ್ಕೀತು ಎಂದು ಬರೆಯುತ್ತಿದ್ದೇನೆ. ಸಿಗದಿದ್ದರೆ ನಗುವುದಕ್ಕಾದರೂ ಆಗುತ್ತದೆ.

ಐದನೆಯ ಕ್ಲಾಸಿನ ಅರ್ಧದಲ್ಲೇ ಶಾಲೆಗೆ ಕೈ ಮುಗಿದವ ನಾನು. ಉಡುಪಿ ಕಡೆಯಿಂದ ಮುಂಬಯಿಗೆ ಬಂದು ಗ್ರಾಂಟ್ ರೋಡ್ ಸ್ಟೇಶನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಕೆಲಸ ಕಲಿತು ಸಪ್ಲಾಯರ್ ಆದೆ. ಅಲ್ಲಿ ಮಧ್ಯಾಹ್ನದ ಹೊತ್ತು ನೋಡಬೇಕು. ಉಣ್ಣುವ ಪ್ರತಿಯೊಬ್ಬನ ಬೆನ್ನಿಗೆ ತಾಗಿಕೊಂಡು ಇನ್ನೊಬ್ಬ ನಿಂತಿರುತ್ತಾನೆ, ಇವನು ಯಾವಾಗ ಏಳುತ್ತಾನೆ ಎಂದು. ಗಲ್ಲಾದ ಮೇಲೆ ಕೂತ ನಮ್ಮ ಧನಿ ನನಗೆ ಹೇಳಿಕೊಟ್ಟದ್ದು ಒಂದೇ ಪಾಠ: "ಶೀನ, ಗಿರಾಕಿಯ ಮುಖ ನೋಡಬೇಡ, ಕೈ ನೋಡು. ಕೈ ನಿಂತಿತಾ, ಪ್ಲೇಟು ಎತ್ತು."

ಈ ಪಾಠದಲ್ಲಿ ನಾನು ಧನಿಯನ್ನೂ ಮೀರಿಸಿದೆ. ಉಣ್ಣುತ್ತಿದ್ದವ ಊರಿನ ನೆನಪಾಗಿ ಒಂದು ಗಳಿಗೆ ಗೋಡೆ ನೋಡಿದರೆ ಮುಗಿಯಿತು. ತಿರುಗಿ ನೋಡುವಾಗ ಅವನ ಎದುರಿಗೆ ಒದ್ದೆ ಬಟ್ಟೆಯ ಗುರುತು ಮಾತ್ರ. ಕೆಲವರು ಬೈದದ್ದುಂಟು. ಹೆಚ್ಚಿನವರು ತಾವೇ ಉಂಡು ಮುಗಿಸಿದ್ದೇವೆ ಎಂದು ನಂಬಿ ಎದ್ದು ಹೋಗುತ್ತಿದ್ದರು. ಇಡೀ ಗ್ರಾಂಟ್ ರೋಡಿನಲ್ಲಿ ನನ್ನಷ್ಟು ಬೇಗ ಟೇಬಲ್ ಖಾಲಿ ಮಾಡುವವ ಇಲ್ಲ ಎಂಬ ಅಹಂಕಾರ ನನಗಿತ್ತು.

ಅರವತ್ತರ ದಶಕದ ಕೊನೆಯಲ್ಲಿ ಇದೇ ಅಹಂಕಾರ ಹೊತ್ತುಕೊಂಡು ಮೆಸ್ಸಿಗೆ ಹೋದೆ. ಅಲ್ಲಿ ಹೆಡ್ ಬೇರರ್ ಮಂಗಳೂರಿನ ಪಾಸ್ಕಲಣ್ಣ. ಬಿಳಿ ಕೋಟು, ಬಿಳಿ ಕೂದಲು, ನಡೆದರೆ ಸದ್ದಿಲ್ಲ.

"ಕೆಲಸ ಗೊತ್ತುಂಟಾ?" ಎಂದು ಕೇಳಿದರು.

"ಗ್ರಾಂಟ್ ರೋಡಿನ ರಶ್ಶು ನೋಡಿದವನಿಗೆ ಇದು ಯಾವ ಮಹಾ?" ಎಂದೆ.

ಪಾಸ್ಕಲಣ್ಣ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಆಯ್ತು ಮಾರಾಯ, ಬಾಯಿಗಂತೂ ಕೆಲಸ ಗೊತ್ತುಂಟು" ಎಂದರು.

ಕ್ಯಾಂಪಿನ ಮುಖ್ಯಸ್ಥರು ಆಗ ಏರ್ ಕಮೊಡೋರ್ ನಾಡಗೌಡ ಸಾಹೇಬರು. ಬಿಜಾಪುರದ ಕಡೆಯವರು, ಗಿಡ್ಡ ಆಳು, ದೊಡ್ಡ ಕಿವಿ. ಹರೆಯದಲ್ಲಿ ಯುದ್ಧವಿಮಾನ ಹಾರಿಸಿದವರು. ಈಗ ಮೇಜು ಹಾರಿಸುತ್ತಿದ್ದೇನೆ ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು. ಆಫೀಸರುಗಳ ಹತ್ತಿರ ಇಂಗ್ಲಿಷು, ನಮ್ಮ ಹತ್ತಿರ ಹಿಂದಿ. ಅವರಿಗೆ ಕನ್ನಡ ಬರುತ್ತದೆ ಎಂಬುದು ನನಗೆ ಗೊತ್ತಾದದ್ದು ಬಹಳ ಕೆಟ್ಟ ಗಳಿಗೆಯಲ್ಲಿ.

ಮೆಸ್ಸಿನ ದೊಡ್ಡ ಊಟಕ್ಕೆ ಒಂದು ಪದ್ಧತಿ ಇತ್ತು. ಉದ್ದ ಮೇಜಿನ ನಡುವೆ ಎಲ್ಲರಿಗಿಂತ ಹಿರಿಯ ಆಫೀಸರು ಕೂರುತ್ತಾರೆ. ಅವರು ಶುರು ಮಾಡದೆ ಯಾರೂ ಶುರು ಮಾಡುವ ಹಾಗಿಲ್ಲ. ಅವರು ಮುಗಿಸಿದರೆ ಎಲ್ಲರದ್ದೂ ಮುಗಿದ ಹಾಗೆ. ಅವರ ಕುರ್ಚಿಯ ಹಿಂದೆ ನಿಂತ ಬೇರರ್ ಪ್ಲೇಟು ಎತ್ತಲು ಬಗ್ಗಿದ ಕೂಡಲೇ ಮೇಜಿನ ಉದ್ದಕ್ಕೂ ನಿಂತ ಬೇರರುಗಳೆಲ್ಲ ಒಟ್ಟಿಗೆ ಬಗ್ಗಿ ಎತ್ತಬೇಕು. ಬೇರೆ ಯಾರನ್ನೂ ನೋಡುವ ಹಾಗಿಲ್ಲ, ಆ ಕುರ್ಚಿಯ ಹಿಂದಿನವನನ್ನು ಮಾತ್ರ. ಅವನು ನಮ್ಮ ಪಾಲಿನ ಸೇನಾಪತಿ. ಆ ಜಾಗ ಪಾಸ್ಕಲಣ್ಣನದ್ದು.

ನಾನು ಸೇರಿ ಹೆಚ್ಚು ದಿನ ಆಗಿರಲಿಲ್ಲ, ಬೇರೆ ಊರುಗಳ ಕ್ಯಾಂಪುಗಳಿಂದ ಆಫೀಸರುಗಳು ಬಂದ ಒಂದು ಮಧ್ಯಾಹ್ನ ಪಾಸ್ಕಲಣ್ಣನ ಕೈಗೆ ಬಿಸಿ ಸೂಪು ಬಿದ್ದು ಬೊಬ್ಬೆ ಬಂತು. "ನಾನು ನಿಲ್ಲುತ್ತೇನೆ" ಎಂದು ನಾನೇ ಮುಂದೆ ಬಂದೆ. ಪಾಸ್ಕಲಣ್ಣನಿಗೆ ಬೇರೆ ದಾರಿ ಇರಲಿಲ್ಲ. ಬಾಗಿಲ ಹತ್ತಿರ ನಿಂತು, ಕೈಗೆ ಬಟ್ಟೆ ಸುತ್ತಿಕೊಂಡು, ನನ್ನನ್ನೇ ನೋಡುತ್ತಿದ್ದರು.

ನೀವು ಪೈಲಟುಗಳು ಮಾತಾಡುವುದನ್ನು ನೋಡಿದ್ದೀರೋ ಇಲ್ಲವೋ. ಕೈ ಕಟ್ಟಿ ಹಾಕಿದರೆ ಅವರಿಗೆ ಮಾತು ಬರುವುದಿಲ್ಲ. ಅಂಗೈಯೇ ವಿಮಾನ. ಊಟಕ್ಕೆ ಕೂತಾಗ ಫೋರ್ಕು ವಿಮಾನ. ಸಾಹೇಬರು ತಾವು ಎಳೆಯ ಪೈಲಟ್ ಆಗಿದ್ದಾಗಿನ ಕಥೆ ಶುರು ಮಾಡಿದ್ದರು. ಫೋರ್ಕಿನ ತುದಿಗೆ ಒಂದು ಆಲೂಗಡ್ಡೆ ತುಂಡು. ಅದರ ಸಮೇತ ವಿಮಾನ ಮೋಡದಿಂದ ಇಳಿಯಿತು, ಬಲಕ್ಕೆ ವಾಲಿತು, ಕೆಳಗೆ ಜೋಳದ ಹೊಲಗಳು. ಮೇಜಿನವರೆಲ್ಲ ಬಾಯಿ ಬಿಟ್ಟು ಕೇಳುತ್ತಿದ್ದಾರೆ.

"ಆಗ, ಎಂಜಿನ್ ನಿಂತಿತು" ಎಂದರು ಸಾಹೇಬರು.

ಫೋರ್ಕು ಗಾಳಿಯಲ್ಲಿ ನಿಂತಿತು.

ಕೈ ನಿಂತಿತು. ನಾನು ಪ್ಲೇಟು ಎತ್ತಿದೆ.

ಅರ್ಧ ಕೋಳಿ, ಅವರೆಕಾಳಿನ ಪಲ್ಯ, ಎಲ್ಲ ಸೇರಿ ಎತ್ತಿದೆ. ನಾನು ಬಗ್ಗಿದ್ದನ್ನು ನೋಡಿ ಸಾಲಿನ ಬೇರರುಗಳೆಲ್ಲ ಬಗ್ಗಿದರು. ಒಂದೇ ಸಲಕ್ಕೆ ಇಡೀ ಮೇಜು ಬೋಳಾಯಿತು. ಆ ಕಡೆಯಿಂದ ಈ ಕಡೆಯವರೆಗೆ ಆಫೀಸರುಗಳು ಫೋರ್ಕು ಚೂರಿ ಹಿಡಿದು ಮೇಜಿನ ಖಾಲಿ ಹಾಸುಬಟ್ಟೆ ನೋಡುತ್ತ ಕೂತಿದ್ದಾರೆ. ಕೆಲಸ ಇಷ್ಟು ಚೊಕ್ಕವಾಗಿ ಆಯಿತಲ್ಲ ಎಂದು ನನಗೆ ಒಂದು ಗಳಿಗೆ ಖುಷಿಯೇ ಆಯಿತು. ಆಮೇಲೆ ಬಾಗಿಲ ಹತ್ತಿರ ಪಾಸ್ಕಲಣ್ಣ ಬಟ್ಟೆ ಸುತ್ತಿದ ಕೈಯಿಂದ ಶಿಲುಬೆಯ ಗುರುತು ಮಾಡುವುದು ಕಂಡಿತು.

ಸಾಹೇಬರು ಫೋರ್ಕಿನ ಆಲೂಗಡ್ಡೆ ನೋಡಿದರು. ನಿಧಾನವಾಗಿ ತಿಂದರು. "ಜೆಂಟಲ್‌ಮೆನ್, ಊಟ ಮುಗಿದಿದೆ ಎಂದು ನನಗೆ ತಿಳಿದುಬಂದಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಎದ್ದರು. ಹಿರಿಯರು ಎದ್ದರೆ ಎಲ್ಲರೂ ಏಳಬೇಕು. ಎದ್ದರು. ಕೊನೆಗೆ ಕೊಡಬೇಕಾದ ಕಸ್ಟರ್ಡ್ ಅಡುಗೆಮನೆಯಲ್ಲೇ ಉಳಿಯಿತು. ಅದನ್ನು ನಾವೇ ತಿಂದೆವು. ಆ ಸಂಕಟದಲ್ಲಿ ನನಗೆ ಗಂಟಲಿನಿಂದ ಇಳಿಯಲಿಲ್ಲ. ಅಂದರೆ, ಎರಡನೆಯ ಕಪ್ಪು ಇಳಿಯಲಿಲ್ಲ.

ಮೆಸ್ಸಿನ ಉಸ್ತುವಾರಿಯ ಆಫೀಸರು, ಮೆಸ್ ಸೆಕ್ರೆಟರಿ, ನನ್ನನ್ನು ಆಗಲೇ ಗೇಟಿನಿಂದ ಹೊರಗೆ ಹಾಕುವವರಿದ್ದರು. ಅಷ್ಟರಲ್ಲಿ ನಾಡಗೌಡ ಸಾಹೇಬರು ತಾವೇ ಅಡುಗೆಮನೆಯ ಪಕ್ಕದ ಪ್ಯಾಂಟ್ರಿಗೆ ಬಂದರು. ಅಷ್ಟು ದೊಡ್ಡವರು ಅಲ್ಲಿಗೆ ಬರುವ ರೂಢಿ ಇಲ್ಲ. ಎಲ್ಲರೂ ಗೋಡೆಗೆ ಅಂಟಿದರು.

"ಹೆಸರೇನಲೇ? ಯಾವೂರಾಂವಾ ನೀ?"

ಕನ್ನಡ! "ಶೀನ, ಸಾರ್. ಉಡುಪಿ ಹತ್ತಿರ."

"ಇಲ್ಲಿಗೆ ಬರೂ ಮೊದ್ಲ ಎಲ್ಲಿದ್ದಿ?"

"ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಸಾರ್."

"ಹಂಗನ್ನು. ಅಲ್ಲಿ ಒಮ್ಮಿ ನಾನೂ ಉಣ್ಣಾಕ ಕುಂತಿದ್ನಿ. ನೀರು ಕುಡಿಯಾಕ ತಲಿ ಎತ್ತಿದ್ನಿ, ತಾಟ ಮಾಯ! ಅಂವಾ ನೀನ ಇರಬೇಕು."

ಅದು ನಾನಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹೆಚ್ಚುಕಡಿಮೆ ನಾನೇ ಇರಬೇಕು.

"ನಿನ್ನ ಕೆಲಸದಿಂದ ತೆಗಿಯೂದಿಲ್ಲ" ಎಂದರು. "ಆದ್ರ ನನ್ನ ಕುರ್ಚಿ ಹಿಂದ ಬರಬ್ಯಾಡ. ನಿಂದ್ರೂದು ಕಲಿ ಮೊದ್ಲ. ಕಲತ ಮ್ಯಾಲೆ ಬಾ."

ಅವರು ನನ್ನನ್ನು ತೆಗೆದುಹಾಕಿದ್ದರೆ ಗ್ರಾಂಟ್ ರೋಡಿಗೆ ಹೋಗಿ, ಅವರನ್ನು ಬೈದುಕೊಂಡು ಸುಖವಾಗಿ ಇರುತ್ತಿದ್ದೆ. ಹೀಗೆ ಹೇಳಿ ನನ್ನ ನಿದ್ದೆ ಕೆಡಿಸಿದರು. ಕೆಲಸ ಬರುವುದಿಲ್ಲ ಎಂದು ಯಾರಾದರೂ ಅಂದರೆ ತಡೆದುಕೊಳ್ಳುವ ಜಾತಿ ನನ್ನದಲ್ಲ. ಆವತ್ತೇ ಮನಸ್ಸಿನಲ್ಲಿ ಗಂಟು ಹಾಕಿದೆ: ಆ ಕುರ್ಚಿಯ ಹಿಂದೆ ಇನ್ನೊಮ್ಮೆ ನಿಂತೇ ನಿಲ್ಲಬೇಕು, ಈ ಸಾಹೇಬರ ಬೆನ್ನ ಹಿಂದೆಯೇ.

ಬೆಳ್ಳಿ ಪಾತ್ರೆ ಉಜ್ಜುತ್ತ ಪಾಸ್ಕಲಣ್ಣನ ಕಾಲು ಹಿಡಿದೆ. ಅವರು ಕಲಿಸಿದರು. "ಹೋಟೆಲಿನಲ್ಲಿ ಕೈ ನಿಂತರೆ ಆಯ್ತು. ಇಲ್ಲಿ ಕೈ ಹಿಡಿದದ್ದನ್ನು ಬಿಡಬೇಕು. ಫೋರ್ಕು ಚೂರಿ ಎರಡನ್ನೂ ಒಟ್ಟಿಗೆ ಪ್ಲೇಟಿನ ಮೇಲೆ ಮಲಗಿಸಿದರೆ ಊಟ ಮುಗೀತು ಅಂತ. ಒಂದು ಆಚೆ, ಒಂದು ಈಚೆ ಮಲಗಿದ್ರೆ ಇನ್ನೂ ಉಂಟು ಅಂತ. ಗಂಡ ಹೆಂಡತಿ ಜಗಳ ಮಾಡಿ ಮಲಗಿದ ಹಾಗೆ. ಅವರಷ್ಟಕ್ಕೆ ಅವರು ಸರಿಯಾಗುವ ತನಕ ನೀನು ಮಧ್ಯೆ ಕೈ ಹಾಕಬಾರದು, ಗೊತ್ತಾಯ್ತಾ?"

ಮತ್ತೂ ಕಲಿಸಿದರು. ಮೊಣಕಾಲು ಬಿಗಿ ಹಿಡಿಯಬಾರದು, ತಲೆ ಸುತ್ತಿ ಬೀಳುತ್ತೀ. ಸಾಹೇಬರ ಕುತ್ತಿಗೆಗೆ ನಿನ್ನ ಉಸಿರು ತಾಗಬಾರದು. ಅವರ ಮಾತಿಗೆ ನಗು ಬಂದರೆ ನಾಳೆ ನಗು.

ಮನೆಯಲ್ಲೂ ಅಭ್ಯಾಸ ನಡೆಸಿದೆ. ವಡಾಲದ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ಎಲ್ಲಿಯ ಕುರ್ಚಿ? ನೆಲದಲ್ಲಿ ಕೂತು ಉಣ್ಣುತ್ತಿದ್ದ ಹೆಂಡತಿಯ ಅಣ್ಣನ ಹಿಂದೆ ಬಟ್ಟೆ ತೋಳಿಗೆ ಹಾಕಿಕೊಂಡು ನಿಂತೆ. ಆತ ಎರಡು ತುತ್ತು ಉಂಡು ತಿರುಗಿ ನೋಡಿದ, ಮತ್ತೆ ಎರಡು ತುತ್ತು, ಮತ್ತೆ ತಿರುಗಿ ನೋಡಿದ.

"ಅಲ್ಲ, ಉಣ್ಣುವವರ ಹಿಂದೆ ಯಮನ ಹಾಗೆ ನಿಂತರೆ ಅನ್ನ ಇಳಿಯುವುದು ಹೇಗೆ?" ಎಂದು ನನ್ನ ಹೆಂಡತಿ ಜಲಜ ಸೌಟು ಹಿಡಿದು ಬಂದಳು.

"ಕೆಲಸ ಕಲಿಯುತ್ತಿದ್ದೇನೆ."

"ನಿಲ್ಲಲಿಕ್ಕೆ ಕಲಿಯಬೇಕಾ? ಲೋಕಲಿನಲ್ಲಿ ದಿನಾ ಎಂತ ಮಾಡ್ತೀರಿ ಮತ್ತೆ?"

ಭಾವ ಆಮೇಲೆ ನಮ್ಮ ಮನೆಗೆ ಊಟ ಮುಗಿಸಿಕೊಂಡೇ ಬರುತ್ತಿದ್ದ.

ಅಷ್ಟರಲ್ಲಿ ನಾಡಗೌಡ ಸಾಹೇಬರಿಗೆ ವರ್ಗವಾಯಿತು. ಅವರ ಬಡ್ತಿಗಳ ಕಥೆ ನನಗೆ ಗೊತ್ತಿಲ್ಲ. ಆಗೀಗ ಮುಂಬಯಿಗೆ ಬಂದಾಗ ಕಂಡದ್ದು ಇಷ್ಟೇ: ತೋಳಿನ ಪಟ್ಟಿ ಹೆಚ್ಚುತ್ತ ಹೋಯಿತು, ತಲೆಯ ಕೂದಲು ಇಳಿಯುತ್ತ ಹೋಯಿತು. ಬಂದಾಗೆಲ್ಲ ಅವರ ಹಿಂದೆ ಪಾಸ್ಕಲಣ್ಣನೇ. ನಾನು ಸಾಲಿನ ತುದಿಯಲ್ಲಿ. ಅವರ ಕಥೆಯೂ ನನ್ನ ಮಟ್ಟಿಗೆ ಎಂಜಿನ್ ನಿಂತಲ್ಲೇ ನಿಂತಿತ್ತು. ಜೋಳದ ಹೊಲದ ಮೇಲೆ ಆ ವಿಮಾನ ಏನಾಯಿತು? ಸಾಹೇಬರು ಬದುಕಿ ಎದುರಿಗೇ ಕೂತಿದ್ದಾರೆ ಎಂಬುದು ಬೇರೆ ಮಾತು. ನನಗೆ ಆ ವಿಮಾನದ್ದೇ ಚಿಂತೆ.

ಎಪ್ಪತ್ತೊಂದರ ಯುದ್ಧ ಬಂತು. ಬೆಳಕು ಹೊರಗೆ ಕಾಣದ ಹಾಗೆ ಮುಂಬಯಿಯ ಕಿಟಕಿಗಳಿಗೆಲ್ಲ ಕಪ್ಪು ಕಾಗದ. ಸಾಹೇಬರು ಆ ದಿನಗಳಲ್ಲಿ ನಮ್ಮ ಕ್ಯಾಂಪಿನ ಆಫೀಸಿನಲ್ಲಿ ಬಂದು ಕೂತಿದ್ದರು. ಊಟಕ್ಕೆ ಮೆಸ್ಸಿಗೆ ಬರುವ ಪುರುಸೊತ್ತಿಲ್ಲ. ಒಂದು ಮಧ್ಯಾಹ್ನ ಚಾ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ನಿಲ್ಲುವುದು ಕಲಿತಿದ್ದೇನೆ ಎಂದು ತೋರಿಸಲು ಇದೇ ಸಮಯ ಎಂದುಕೊಂಡೆ.

ಸಾಹೇಬರ ಕೈಯಲ್ಲಿ ಫೋನು. ಮಾತಿಲ್ಲ. ಆ ಕಡೆಯವರು ಏನೋ ಹೇಳುವುದನ್ನು ಕಾಯುತ್ತಿದ್ದರು. ನಾನು ಟ್ರೇ ಹಿಡಿದು ಹಿಂದೆ ನಿಂತೆ. ಮೊಣಕಾಲು ಸಡಿಲ, ಉಸಿರು ಹದ, ಕಣ್ಣು ಕೈಯ ಮೇಲೆ. ಕೈ ಫೋನು ಬಿಡಲಿಲ್ಲ. ನಾನೂ ಕದಲಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವರೇ ತಿರುಗಿ ಕಪ್ಪು ತೆಗೆದುಕೊಂಡು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು.

"ಇದೇನಲೇ, ಚಾ ಸತ್ತು ಹೋಗೇತಿ!"

"ತಮ್ಮ ಕೈ ಫೋನಿನಲ್ಲಿತ್ತು ಸಾರ್. ಬಿಡುವ ತನಕ ಕಾದೆ."

"ಹುಚ್ಚಪ್ಪಾ, ಚಾ ತಂದು ಕಾಯಬಾರದು. ಕಾಯೂದು ಬ್ಯಾರೆ ಐತಿ ಇಲ್ಲೆ. ಒಂದು ವಿಮಾನ ಬರೂದೈತಿ."

ಮೊದಲು ಕಾಯದೆ ಕೆಟ್ಟೆ, ಈಗ ಕಾದು ಕೆಟ್ಟೆ. ಕಪ್ಪು ತೆಗೆದುಕೊಳ್ಳಲು ಮುಂದೆ ಹೋಗುವಾಗ ಫೋನಿನಲ್ಲಿ ಯಾರೋ ಏನೋ ಹೇಳಿದರು. ಸಾಹೇಬರು "ಥ್ಯಾಂಕ್ ಯೂ" ಎಂದರು. ಆ ಕಡೆಯವರು ಇಟ್ಟರು. ಗುಂಯ್ ಎನ್ನುವ ಸದ್ದು ನನಗೂ ಕೇಳಿಸಿತು. ಸಾಹೇಬರು ಇಡಲಿಲ್ಲ. ಕಿವಿಗೆ ಹಿಡಿದುಕೊಂಡೇ ಕಪ್ಪು ಕಾಗದದ ಕಿಟಕಿ ನೋಡುತ್ತ ಕೂತರು. ಹೊರಗೆ ಬಂದ ಮೇಲೆ ಅಲ್ಲಿಯ ಗುಮಾಸ್ತ ಹೇಳಿದ, ಆ ವಿಮಾನ ಬರುವುದಿಲ್ಲವಂತೆ. ಕುರ್ಚಿಯ ವಿಷಯ ಆವತ್ತು ನಾನು ನೆನೆಯಲಿಲ್ಲ.

ಆಮೇಲೆ ಕಾಲ ಬದಲಾಯಿತು. ಪಾಸ್ಕಲಣ್ಣ ನಿವೃತ್ತರಾಗಿ ಊರಿಗೆ ಹೋದರು, ನಾನು ಹೆಡ್ ಬೇರರ್ ಆದೆ. ಇನ್ನು ಕುರ್ಚಿ ನನ್ನದೇ ಎಂದುಕೊಳ್ಳುವಷ್ಟರಲ್ಲಿ ಮೆಸ್ಸಿಗೆ ಬಫೆ ಬಂತು. ದೊಡ್ಡ ದೊಡ್ಡ ಆಫೀಸರುಗಳು ಪ್ಲೇಟು ಹಿಡಿದು ಸಾಲಿನಲ್ಲಿ ನಿಂತು ತಾವೇ ಬಡಿಸಿಕೊಳ್ಳುವುದು, ಮೂಲೆಯಲ್ಲಿ ನಿಂತು ಉಣ್ಣುವುದು. ಅಂದರೆ ಈಗ ನಿಲ್ಲುವವರು ಅವರು! ನಾನು ಇಷ್ಟು ವರ್ಷ ಬೆವರು ಸುರಿಸಿ ಕಲಿತದ್ದನ್ನು ಅವರು ಒಂದೇ ದಿನದಲ್ಲಿ ಕಲಿತರು. ಖಾಲಿ ಕುರ್ಚಿಗಳನ್ನು ಗೋಡೆಗೆ ಸರಿಸುವುದು ನನ್ನ ಕೆಲಸವಾಯಿತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಸುದ್ದಿ ಬಂತು: ಏರ್ ಮಾರ್ಷಲ್ ನಾಡಗೌಡ ಸಾಹೇಬರು ನಿವೃತ್ತರಾಗುತ್ತಾರೆ, ಕೊನೆಯ ಪ್ರವಾಸದಲ್ಲಿ ನಮ್ಮಲ್ಲಿ ಒಂದು ಮಧ್ಯಾಹ್ನ ಉಣ್ಣುತ್ತಾರೆ. ಅಲ್ಲಿಂದ ನೇರ ದಿಲ್ಲಿಗೆ ವಿಮಾನ, ಅಲ್ಲಿ ಅಧಿಕಾರ ಬಿಟ್ಟುಕೊಡುವುದು. ಹೊಸ ಮೆಸ್ ಸೆಕ್ರೆಟರಿ, ಎಳೆ ಪ್ರಾಯದವರು, ಬಫೆಗೆ ಅಣಿ ಮಾಡಿಸುತ್ತಿದ್ದರು. ದಿಲ್ಲಿಯಿಂದ ಫೋನು ಬಂತು: ಕೂತು ಉಣ್ಣುವ ಊಟ ಬೇಕು, ಹಳೆಯ ಪದ್ಧತಿ.

ಕುರ್ಚಿಗಳನ್ನು ಗೋಡೆಯಿಂದ ನಾನೇ ಎಳೆದು ತಂದೆ. ಸಾಲಿಗೆ ಬೇರರುಗಳು ಸಾಲದೆ ಕೆಲವರನ್ನು ಹೋಟೆಲುಗಳಿಂದ ಕರೆಸಿದ್ದರು. ಅವರಲ್ಲಿ ಇಬ್ಬರು ಗ್ರಾಂಟ್ ರೋಡಿನವರು. ಅವರನ್ನು ಪ್ಯಾಂಟ್ರಿಗೆ ಕರೆದು ಹೇಳಿದೆ: "ಕೈ ನಿಂತರೆ ಎತ್ತುವುದಲ್ಲ, ಗೊತ್ತುಂಟಾ? ನಾನು ಬಗ್ಗಿದರೆ ಮಾತ್ರ."

"ಅಷ್ಟೇ ಅಲ್ವಾ ಅಣ್ಣ, ಇದು ಯಾವ ಮಹಾ?" ಎಂದ ಒಬ್ಬ. ಅವನನ್ನು ಮೇಲಿನಿಂದ ಕೆಳಗೆ ನೋಡಿದೆ.

ಸಾಹೇಬರು ಬಂದು ಕೂತರು. ಹಿಂದೆ ನಾನು. ಅವರು ತಿರುಗಲಿಲ್ಲ, ನಾನಿದ್ದೇನೆಂದು ಗೊತ್ತಾಯಿತೋ ಇಲ್ಲವೋ. ಸೂಪು ಬಂತು, ಹೋಯಿತು. ಕೋಳಿ ಬಂತು, ಫೋರ್ಕು ಚೂರಿ ಒಟ್ಟಿಗೆ ಮಲಗಿದವು, ಬಗ್ಗಿದೆ, ಎತ್ತಿದೆ. ಪಾಸ್ಕಲಣ್ಣ ನೋಡಬೇಕಿತ್ತು. ಕಸ್ಟರ್ಡ್ ಇಟ್ಟೆವು.

ಎದುರಿಗಿದ್ದ ಒಬ್ಬ ಎಳೆಯ ಪೈಲಟ್, "ಸರ್, ನಿಮ್ಮ ವಿಮಾನ ಒಮ್ಮೆ ಜೋಳದ ಹೊಲದಲ್ಲಿ ಇಳಿದಿತ್ತಂತೆ" ಎಂದ. ಸಾಹೇಬರು ಚಮಚ ಎತ್ತಿದರು. ಚಮಚ ಮೋಡದಿಂದ ಇಳಿಯಿತು, ಬಲಕ್ಕೆ ವಾಲಿತು. ಎಂಜಿನ್ ನಿಂತಿತು. ಚಮಚವೂ ನಿಂತಿತು.

ನನ್ನ ಕೈ ತುರಿಸಿತು. ಬೆನ್ನ ಹಿಂದೆ ಎರಡೂ ಕೈ ಬಿಗಿ ಹಿಡಿದುಕೊಂಡೆ.

ಆಗ ಕಥೆಯ ಉಳಿದ ಭಾಗ ಕೇಳಿದೆ. ವಿಮಾನ ಹೊಲದ ಮಧ್ಯೆ ನೆಟ್ಟಗೆ ಇಳಿಯಿತು. ಊರವರು ಓಡಿ ಬಂದರು. ಸಾಹೇಬರು ಇಳಿದು ಸುಧಾರಿಸಿಕೊಳ್ಳುವಷ್ಟರಲ್ಲಿ ಅವರು ಎತ್ತಿನ ಹಗ್ಗ ತಂದು ವಿಮಾನದ ಬಾಲವನ್ನು ಬೇವಿನ ಮರಕ್ಕೆ ಕಟ್ಟಿಬಿಟ್ಟರು, ಮತ್ತೆ ಓಡಿ ಹೋದರೆ ಏನು ಗತಿ ಎಂದು. ರಿಪೇರಿಯವರು ಬಂದ ಮೇಲೂ ಬಿಚ್ಚಲು ಬಿಡಲಿಲ್ಲವಂತೆ. ಅಲ್ಲಿಯ ಒಬ್ಬ ಮುದುಕಿ, "ಇರಲಿ ಬಿಡಪ್ಪ, ಮ್ಯಾಲೆ ಏನೈತಿ ಅಂತ ಹೋಗ್ತಿ?" ಎಂದಳಂತೆ.

ಮೇಜಿಗೆ ಮೇಜೇ ನಕ್ಕಿತು. ನಗು ಬಂದದ್ದನ್ನು ನಾಳೆಗೆ ಇಟ್ಟೆ.

ನಗು ಮುಗಿಯಿತು. ಎಲ್ಲರ ಕಸ್ಟರ್ಡೂ ಮುಗಿದಿತ್ತು. ಸಾಹೇಬರದ್ದು ಒಂದು ಚಮಚದಷ್ಟು ಉಳಿದಿತ್ತು. ಅದನ್ನೂ ತಿಂದರು. ಚಮಚ ಇಡಲಿಲ್ಲ. ಕೈಯಲ್ಲೇ ಹಿಡಿದು, ಮೇಜಿನ ಆ ತುದಿಯಿಂದ ಈ ತುದಿಯವರೆಗೆ ಎಳೆಯರ ಮುಖಗಳನ್ನು ನೋಡುತ್ತ ಕೂತರು. ಇಟ್ಟರೆ ಊಟ ಮುಗಿಯುತ್ತದೆ. ಊಟ ಮುಗಿದರೆ ಕಾರು, ಕಾರಿನಿಂದ ವಿಮಾನ, ವಿಮಾನದಿಂದ ದಿಲ್ಲಿ, ಮತ್ತೆ ಏನೂ ಇಲ್ಲ.

ಹೊರಗೆ ಕಾರಿನ ಎಂಜಿನ್ ಶುರುವಾಗಿತ್ತು. ಮೆಸ್ ಸೆಕ್ರೆಟರಿ ನನಗೆ ಹುಬ್ಬು ಹಾರಿಸಿದರು. ನಾನು ಚಮಚ ನೋಡುತ್ತಿದ್ದೆ. ಗಂಟಲು ಸರಿಮಾಡಿಕೊಂಡರು. ನಾನು ಚಮಚವನ್ನೇ ನೋಡುತ್ತಿದ್ದೆ. ಕೊನೆಗೆ ಎದ್ದು ನನ್ನ ಹಿಂದೆ ಬಂದು ಕಿವಿಯಲ್ಲಿ, "ಪ್ಲೇಟ್ ಉಠಾವೋ, ಫ್ಲೈಟ್ ಕಾ ಟೈಮ್ ಹೈ" ಎಂದು ಎತ್ತಲು ಅವಸರ ಮಾಡಿದರು. ನನ್ನ ಇಡೀ ನೌಕರಿಯಲ್ಲಿ ಆಫೀಸರೊಬ್ಬರ ಮಾತು ಕೇಳಿಯೂ ಕೇಳದವನಂತೆ ನಿಂತದ್ದು ಅದೊಂದೇ ಸಲ. ಪ್ಲೇಟು ಎತ್ತುವುದರಲ್ಲಿ ಗ್ರಾಂಟ್ ರೋಡನ್ನೇ ಗೆದ್ದ ನನಗೆ ಎತ್ತಬೇಡ ಎಂದು ಕಲಿಸಿದವರು ಎದುರಿಗೆ ಕೂತಿದ್ದರು.

ಆಗ ಸಾಹೇಬರು, ತಿರುಗದೆ, ಮೆಲ್ಲಗೆ ಕೇಳಿದರು: "ಶೀನಾ, ನಿಂತೀ ಏನು?"

"ನಿಂತಿದ್ದೇನೆ ಸಾರ್."

"ಕಲತಿ ಬಿಡು." ಕೈಯ ಚಮಚದ ಕಡೆ ತಲೆ ಬಗ್ಗಿಸಿದರು. "ನನಗ ಇದನ್ನ ಇಡಾಕ ಬರವಲ್ದು. ನೀನ ಎತ್ತು. ನಿನಗ ರೂಢಿ ಐತಿ."

ಬಗ್ಗಿದೆ. ಎತ್ತಿದೆ. ಸಾಲಿನವರೆಲ್ಲ ಎತ್ತಿದರು. ಚಮಚ ಅವರ ಕೈಯಲ್ಲೇ ಉಳಿಯಿತು. ಎದ್ದರು, ಎಲ್ಲರೂ ಎದ್ದರು. ಬಾಗಿಲು ದಾಟಿ, ಮೆಟ್ಟಿಲಿಳಿದು, ಸಾಲಾಗಿ ನಿಂತ ಆಫೀಸರುಗಳ ನಡುವೆ ಕಾರಿನವರೆಗೆ ನಡೆದರು. ಎಲ್ಲರೂ ಸೆಲ್ಯೂಟ್ ಹೊಡೆದರು. ತಾವು ಹೊಡೆಯಲು ಕೈ ಎತ್ತುವಾಗ ಸಾಹೇಬರಿಗೆ ಅದರಲ್ಲಿದ್ದ ಚಮಚ ಕಂಡಿತು.

ಇಲ್ಲಿ ನಾನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಎಷ್ಟು ಕಲಿತರೂ ಒಳಗಿನ ಹೋಟೆಲಿನವನು ಎಲ್ಲಿ ಹೋಗುತ್ತಾನೆ? ಗಿರಾಕಿ ಚಮಚ ಹಿಡಿದು ಹೊರಟರೆ ಕಾಲು ತಾನಾಗಿ ಓಡುತ್ತದೆ. ಕೈಯಲ್ಲಿದ್ದ ಪ್ಲೇಟಿನ ಸಮೇತ ಕಾರಿನ ಬಾಗಿಲಿಗೆ ಓಡಿ, "ಸಾರ್, ಚಮಚ!" ಎಂದೆ.

ಮೆಸ್ ಸೆಕ್ರೆಟರಿ ಕಣ್ಣು ಮುಚ್ಚಿಕೊಂಡರು.

ಸಾಹೇಬರು ನನ್ನನ್ನೂ ಪ್ಲೇಟನ್ನೂ ನೋಡಿದರು. ದೊಡ್ಡ ಕಿವಿ ಕೆಂಪಾಗುವ ಹಾಗೆ ನಕ್ಕರು. ಆಮೇಲೆ ಆ ಚಮಚವನ್ನು ಪ್ಲೇಟಿನ ಮೇಲೆ, ಪದ್ಧತಿಯ ಪ್ರಕಾರ, ನೇರವಾಗಿ ಮಲಗಿಸಿದರು.

"ಈಗ ಆತು ನೋಡು" ಎಂದು, ಖಾಲಿ ಕೈಯಿಂದ ಸೆಲ್ಯೂಟ್ ಹೊಡೆದು ಕಾರು ಹತ್ತಿದರು.

ಕಾರು ಗೇಟು ದಾಟಿತು. ಆಫೀಸರುಗಳು ಒಳಗೆ ಹೋದರು. ನಾನು ಪ್ಲೇಟು ಹಿಡಿದು ಬಿಸಿಲಿನಲ್ಲಿ ನಿಂತೇ ಇದ್ದೆ. ಅದನ್ನು ಯಾವಾಗ ಒಳಗೆ ಒಯ್ಯಬೇಕು ಎಂದು ಪಾಸ್ಕಲಣ್ಣ ಕಲಿಸಿರಲಿಲ್ಲ.